ಉಳಿಸಿ ಕಳಿಸಿದ ಹೊಲಿಗೆ

ಈಚೆಗೆ ಒಂದು ದಿನ ಈಳಿಗೆಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದವಳು ಜೊತೆಗೆ ಅಂಗೈಯನ್ನೂ ಹೆಚ್ಚಿಕೊಂಡೆ. ಈ ವಯಸ್ಸಿನಲ್ಲಿ ಈಳಿಗೆ ಯಾಕೆ ಬೇಕಿತ್ತು ಎಂದು ನೀವೂ ಕೇಳಬೇಡಿ. ಮನೆಯವರೆಲ್ಲ ಕೇಳಿ ಮುಗಿಸಿದ್ದಾರೆ. ಚಾಕುವಿನಲ್ಲಿ ಹೆಚ್ಚಿದ ಸೌತೆಕಾಯಿಗೆ ರುಚಿಯಿಲ್ಲ ಎಂಬುದು ನನ್ನ ಹಳೆಯ ವಾದ. ಸೆರಗನ್ನು ಕೈಗೆ ಸುತ್ತಿಕೊಂಡು ನಮ್ಮ ಓಣಿಯ ತುದಿಯ ದವಾಖಾನೆಗೆ ಹೋದೆ. ಅಲ್ಲಿ ಒಬ್ಬ ಹುಡುಗಿ ಡಾಕ್ಟರು ಇದ್ದಾಳೆ. ಸಿಂಧನೂರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಹೊರಗಿನ ಬೆಂಚು ಹೆಚ್ಚಾಗಿ ಖಾಲಿಯೇ ಇರುತ್ತದೆ. ಗಾಯ ತೊಳೆದು, ಕಿರುಬೆರಳು ಮಡಚಿ ತೋರಿಸಲು ಹೇಳಿದಳು. ಬೆರಳು ಮಡಚಲಿಲ್ಲ.

"ಅಜ್ಜಿ, ಒಳಗ ನರ ಕತ್ತರಿಸಿದಂಗ ಐತಿ. ನನ್ನ ಕಡೆ ಆಗಂಗಿಲ್ಲ. ನೀವು ರಾಯಚೂರಿನ ದೊಡ್ಡ ಆಸ್ಪತ್ರಿಗೆ ಹೋಗಬೇಕಾಗ್ತದ" ಎಂದಳು. ಹೇಳುವಾಗ ಅವಳ ಮುಖ ಇಷ್ಟು ಸಣ್ಣದಾಗಿತ್ತು. ತಪ್ಪು ಮಾಡಿದವಳು ನಾನು, ನಾಚಿಕೊಂಡವಳು ಅವಳು.

ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಚೆಂದವಾಗಿಯೇ ಆಯಿತು. ಹೊಲಿದು, ಪಟ್ಟಿ ಕಟ್ಟಿ, ಅಡ್ಡಕ್ಕೆ ಒಂದು ಹಲಗೆಯಂಥದನ್ನು ಬಿಗಿದರು. ಹೊಲಿಗೆ ಬಿಚ್ಚಲು ಯಾವಾಗ, ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ಅಲ್ಲಿನ ಡಾಕ್ಟರು ನಕ್ಕು, "ಬಿಚ್ಚೋದ ಬ್ಯಾಡ ಅಜ್ಜಿ. ಈಗಿನ ದಾರ ತಾನ ಕರಗ್ತದ. ಹೊಲಿಗಿಗಂತ ನೀವು ಎಲ್ಲಿಗೂ ಹೋಗೂದು ಬ್ಯಾಡ. ಪಟ್ಟಿ ತಗಿಯಾಕಷ್ಟ ಇಲ್ಲಿಗೆ ಬರ್ರಿ" ಎಂದರು. ಸಂತೋಷಪಡಬೇಕಾದ ಮಾತು. ಆದರೆ ನನಗೆ ಏನೋ ಕಳೆದುಕೊಂಡಂತಾಯಿತು. ಕಾರಿನಲ್ಲಿ ಮರಳಿ ಬರುವಾಗ ದಾರಿಯುದ್ದಕ್ಕೂ ಪಟ್ಟಿಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಆ ವಾಸನೆ ಹಿಡಿದು ನಾನು ಎಲ್ಲಿಗೆ ಹೋಗಿ ಮುಟ್ಟಿದೆ ಎಂದು ಹೇಳುತ್ತೇನೆ, ಸಾವಕಾಶ ಕೂತು ಕೇಳಿ.

ನಾನು ಮುಕ್ಕುಂದದ ಮಗಳು. ಪೊಲೀಸ್ ಆಕ್ಷನ್ ಮುಗಿದು, ನಿಜಾಮರ ಕಾಲ ಹೋಗಿ, ಜನ ಇನ್ನೂ ಹೊಸ ಸರ್ಕಾರದ ಹೆಸರನ್ನು ಹಳೆಯ ಬಾಯಿಂದಲೇ ಹೇಳುತ್ತಿದ್ದ ದಿನಗಳಲ್ಲಿ ಮದುವೆಯಾಗಿ ಸಿಂಧನೂರಿಗೆ ಬಂದೆ. ನಮ್ಮವರು ಹೈದರಾಬಾದಿನಲ್ಲಿ ಡಾಕ್ಟರಿಕೆ ಓದಿ ಬಂದವರು. ಸರ್ಕಾರಿ ನೌಕರಿ ಹಿಡಿ ಎಂದು ಮನೆಯವರೆಲ್ಲ ಹೇಳಿದರೆ, ಇವರು "ತುಂಗಭದ್ರಾದ ಕೆನಾಲ್ ಬರತೈತಿ, ಊರು ಬೆಳಿತೈತಿ, ಆಮ್ಯಾಲೆ ಬಂದವರಿಗೆ ಜಾಗ ಸಿಗಂಗಿಲ್ಲ" ಎಂದು ಹಟ ಹಿಡಿದು ಬಜಾರದಲ್ಲಿ ಒಂದು ಮನೆ ಹಿಡಿದರು. ಮುಂದಿನ ಕೋಣೆ ದವಾಖಾನೆ, ಹಿಂದಿನವು ನನ್ನವು. ನಮ್ಮ ಮಾವನವರು ಒಂದು ಗಡುವು ಕೊಟ್ಟಿದ್ದರು: "ಮುಂದಿನ ಯುಗಾದಿಯೊಳಗ ದವಾಖಾನಿ ನಿಂತ್ರ ನಿಲ್ಲಲಿ. ಇಲ್ಲಾಂದ್ರ ಬಾಗಲಾ ಹಾಕಿ ನೌಕರಿಗೆ ಹೋಗು." ಇವರು ತಲೆಯಾಡಿಸಿ ಬಂದಿದ್ದರು.

ಬಾಗಿಲ ಮೇಲೆ ಕನ್ನಡದಲ್ಲಿ ಒಂದು ಸಾಲು, ಉರ್ದುವಿನಲ್ಲಿ ಒಂದು ಸಾಲು ಬರೆಸಿದ ಬೋರ್ಡು. ಕೆಳಗೆ ಒಂದು ಬೆಂಚು. ಬೆಂಚಿನ ಮೇಲೆ ಯಾರೂ ಇಲ್ಲ. ನಾನು ಪರದೆಯ ಸಂದಿಯಿಂದ ಇಣುಕುತ್ತಿದ್ದೆ. ಇವರು ನೊಣ ಹೊಡೆಯುತ್ತ ಕೂತಿರುತ್ತಿದ್ದರು. ಮಾತಿಗೆ ಹೇಳಿದ್ದಲ್ಲ, ಖರೆಖರೆ ಹೊಡೆಯುತ್ತಿದ್ದರು. ನನ್ನ ಭಕ್ತಿಯ ಮಟ್ಟ ಆಗ ಎಲ್ಲಿಗೆ ಇಳಿದಿತ್ತೆಂದರೆ, ಪೂಜೆಗೆ ಕೂತಾಗ ಊರಿಗೆ ಒಂದು ಸಣ್ಣ ಜ್ವರ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ದೊಡ್ಡದೇನೂ ಬೇಡ ದೇವರೇ, ಕೆಮ್ಮು ನೆಗಡಿ ಸಾಕು.

ಬಂದ ನಾಲ್ಕು ಮಂದಿಯಲ್ಲಿ ಒಬ್ಬರದು ಇವರ ಕೈ ಮೀರಿದ್ದಾಗಿರುತ್ತಿತ್ತು. ಅಲ್ಲಿ ಇತ್ತು ಫಜೀತಿ. ನಮ್ಮ ಕಡೆ ಒಂದು ಮಾತು ಹುಟ್ಟಿಕೊಂಡಿತ್ತು: "ಕೈಲಾಗದ ಡಾಕ್ಟರ್ ಲಿಂಗಸುಗೂರ ದಾರಿ ತೋರಸ್ತಾನ." ಲಿಂಗಸುಗೂರಿನಲ್ಲಿ, ಹಿಂದೆ ಪಲಟಣ ಇದ್ದ ಹಳೆಯ ದಂಡಿನ ಛಾವಣಿಯ ಒಂದು ಬಂಗಲೆಯಲ್ಲಿ, ಒಬ್ಬ ದೊಡ್ಡ ಡಾಕ್ಟರು ಇದ್ದರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹೊಟ್ಟೆ ಕೊಯ್ದು ಮತ್ತೆ ಹೊಲಿದು ಮನುಷ್ಯನನ್ನು ಎಬ್ಬಿಸಿ ಕೂರಿಸುವವರು ಅವರೊಬ್ಬರೇ ಎಂದು ಜನರ ನಂಬಿಕೆ. ಅವರ ಕಡೆಗೆ ಕಳಿಸಿದ ರೋಗಿ ಸತ್ತರೆ ಅದು ಕಳಿಸಿದವನ ತಲೆಗೆ ಬರುತ್ತಿತ್ತು. ಬದುಕಿದರೆ ಹೆಸರು ರಾಯರದು, ಆ ಮನೆಯವರು ಮುಂದೆ ನೆಗಡಿಗೂ ಬಂಡಿ ಹೂಡಿಕೊಂಡು ಲಿಂಗಸುಗೂರಿಗೇ ಹೋಗುತ್ತಿದ್ದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬಂತೆ ಕಳಿಸಿದ ರೋಗಿ ದವಾಖಾನೆಗೆ ಹೊರಗು. ಹಾಗಾಗಿ ಎಲ್ಲ ವೈದ್ಯರೂ ರೋಗಿಯನ್ನು ಕೈಲಾದಷ್ಟು ದಿನ ಹಿಡಿದಿಟ್ಟುಕೊಳ್ಳುತ್ತಿದ್ದರು, ಕೈಲಾಗದಷ್ಟು ದಿನವೂ ಹಿಡಿದಿಟ್ಟುಕೊಳ್ಳುತ್ತಿದ್ದರು.

ನಮ್ಮವರು ಒಂದು ದಿನ ಎದ್ದು, "ನಡಿ, ಆ ಮನಷ್ಯಾನ್ನ ಕಂಡು ಬರೂಣು" ಎಂದರು. ನಾನು ಸಜ್ಜೆ ರೊಟ್ಟಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಗಂಟು ಕಟ್ಟಿದೆ. ಡಾಕ್ಟರು ಡಾಕ್ಟರನ್ನು ಕಾಣಲು ಹೋಗುವಾಗ ಬುತ್ತಿ ಯಾಕೆ ಎಂದು ಇವರು ಬೇಸರ ಮಾಡಿಕೊಂಡರು. ಬರಿಗೈಲಿ ಹೋಗಲು ಅದೇನು ಕಚೇರಿಯೇ ಎಂದೆ. ಆಮೇಲೆ ನೋಡಿದರೆ ರಾಯರು ಮಾತಿನ ನಡುವೆ ಗಂಟು ಬಿಚ್ಚಿ ರೊಟ್ಟಿ ಮುರಿದುಕೊಂಡು ತಿನ್ನುತ್ತಲೇ ಕೂತಿದ್ದರು. ಗಿಡ್ಡ ಆಳು, ದಪ್ಪ ಕನ್ನಡಕ, ಧೋತರದ ಮೇಲೊಂದು ಕೋಟು. ಇವರೇನಾ ಎನ್ನಿಸಿತು. ಕೈ ಮಾತ್ರ ನೋಡುವಂತಿತ್ತು. ರೊಟ್ಟಿ ಮುರಿದರೆ ಒಂದು ಚೂರೂ ಕೆಳಗೆ ಬೀಳುತ್ತಿರಲಿಲ್ಲ.

"ನಿಮ್ಮ ಸೀಮಿಯಿಂದ ನನ್ನ ಕಡೆ ರೋಗಿ ಬರಂಗಿಲ್ಲ, ಡಾಕ್ಟರ್" ಎಂದರು ಅವರು. "ಹೆಣಾ ಬರ್ತಾವ. ಎಲ್ಲಾ ಮುಗದ ಮ್ಯಾಲ ತರ್ತಾರ. ನಾ ಏನ ಮಾಡ್ಲಿ? ನೀವು ಜಲ್ದಿ ಕಳಿಸ್ರಿ."

ನಮ್ಮವರು ಸುಳ್ಳು ಹೇಳುವವರಲ್ಲ. "ಕಳಿಸಿದ್ರ ನನ್ನ ದವಾಖಾನಿ ಮುಚ್ಚತೈತ್ರಿ" ಎಂದುಬಿಟ್ಟರು.

ರಾಯರು ಇನ್ನೊಂದು ತುತ್ತಿಗೆ ಹಿಂಡಿ ಹಚ್ಚಿಕೊಂಡರು. "ಅದನ್ನ ನನಗ ಬಿಡ್ರಿ. ನೀವು ಕಳಿಸಿದವರನ್ನ ನಿಮ್ಮ ಬಾಗಿಲಿಗೆ ಮುಟ್ಟಸೂದು ನನ್ನ ಕೆಲಸ. ಆದರ ನಡುವ ಮಸ್ಕಿ ಅದ. ಮಸ್ಕಿ ದಾಟಸೂದು ನಿಮ್ಮ ಕೆಲಸ."

ಮಸ್ಕಿಯ ಸಂಗತಿ ಹೀಗೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಮೋಟಾರು ಬಸ್ಸು ಮಸ್ಕಿಯಲ್ಲಿ ನಿಂತು ನೀರು ಕುಡಿಯುತ್ತಿತ್ತು. ನಿಲ್ಲುತ್ತಿದ್ದುದು ಸರಿಯಾಗಿ ಹಕೀಮ ಸಾಹೇಬರ ಅಂಗಡಿಯ ಮುಂದೆ. ಬಿಳಿ ಗಡ್ಡ, ಸುರ್ಮಾ ಹಚ್ಚಿದ ಕಣ್ಣು, ಗೋಡೆಯ ತುಂಬ ಮಾಜೂನು ಎಂಬ ಯುನಾನಿ ಲೇಹ್ಯದ ಭರಣಿಗಳು. ಮೋಟಾರಿನಲ್ಲಿ ನರಳುವ ದನಿ ಕೇಳಿದರೆ ಅವರು ಗದ್ದುಗೆಯಿಂದಲೇ ಕೇಳುತ್ತಿದ್ದರು: "ಯಾರಪಾ ಅದು? ಎಲ್ಲಿಗೆ ಒಯ್ಯಾಕತ್ತೀರಿ? ಕೊಯ್ಸಾಕೇನು?" ಅಷ್ಟೇ ಸಾಕು. ಅರ್ಧಕ್ಕರ್ಧ ಮಂದಿ ಅಲ್ಲಿಯೇ ಇಳಿದು, ಭರಣಿಯೊಳಗಿನದನ್ನು ನೆಕ್ಕಿ, ಮರಳಿ ಊರಿಗೆ ಹೋಗುತ್ತಿದ್ದರು. ಇವರು ಎರಡು ಸಲ ಹೋಗಿ ಸಲಾಮು ಹೇಳಿ ಬಂದರು. ಹಕೀಮರು ಚಹಾ ತರಿಸಿದರು, ಹವಾಮಾನದ ಮಾತಾಡಿದರು, ಮುಂದಕ್ಕೆ ಒಂದು ಮಾತು ಇಲ್ಲ. ಸೂಜಿ ಚುಚ್ಚುವ ಹುಡುಗನೊಂದಿಗೆ ಅವರಿಗೆ ಏನು ಮಾತು?

ಆಗ ನಮ್ಮವರು ಮಾಡಿದ ಕೆಲಸ ನೆನೆದರೆ ನನಗೆ ಇವತ್ತಿಗೂ ನಗು ಬರುತ್ತದೆ. ನನಗೆ ಹುಡುಗಿಯಾಗಿದ್ದಾಗಿನಿಂದ ಅರೆತಲೆ ನೋವು. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ ಇವರ ಗುಳಿಗೆಗಳು ನನ್ನ ತಲೆಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ, "ಸೀರಿ ಉಡು, ಮಸ್ಕಿಗೆ ಹೋಗೂಣು. ಹಕೀಮರಿಗೆ ನಿನ್ನ ತಲಿ ತೋರಸೂಣು" ಎಂದರು. ಮಸ್ಕಿಗೆ ಹೋದವರೆಲ್ಲ ಗುಡ್ಡದ ಬಂಡೆಯ ಮೇಲಿನ ಹಳೆಯ ಕಾಲದ ಬರಹ ನೋಡಿ ಬರುತ್ತಾರೆ. ನಾನು ಹೋದದ್ದು ತಲೆನೋವು ತೋರಿಸಲು. ಯೋಚಿಸಿ ನೋಡಿ, ನಮ್ಮವರು ತಮ್ಮ ಜೀವಮಾನದಲ್ಲಿ ಮನಸಾರೆ ಇನ್ನೊಬ್ಬ ವೈದ್ಯರ ಬಳಿಗೆ ಕಳಿಸಿದ ಮೊದಲ ರೋಗಿ ನಾನು.

ಅಂಗಡಿಯ ಮುಂದೆ ಮಂದಿ ಕೂಡಿದ್ದರು. ನಮ್ಮವರು ಎಲ್ಲರಿಗೂ ಕೇಳುವಂತೆ, "ಹಕೀಮ್ ಸಾಹೇಬ್ರ, ಇವರು ನಮ್ಮ ಮನಿಯವರು. ನನ್ನ ಔಷಧಕ್ಕ ಬಗ್ಗವಲ್ದು. ನೀವು ನೋಡಬೇಕು" ಎಂದರು. ಹಕೀಮರ ಕೈಯಲ್ಲಿದ್ದ ಕುಟ್ಟಾಣಿ ನಿಂತಿತು. "ಡಾಕ್ಟರ್ ಸಾಬ್, ನಿಮ್ಮ ಸ್ವಂತ ಮನಿಯವರನ್ನ? ನನ್ನ ಕಡೆ?" ಎಂದರು. ಆಮೇಲೆ ಗಡ್ಡ ನೀವಿಕೊಂಡು, ಗದ್ದುಗೆಯ ಮೇಲೆ ಜಾಗ ಬಿಟ್ಟು, "ಬಾ ಬೇಟಿ, ಕುಂದ್ರು" ಎಂದರು. ಅವರು ಕೊಟ್ಟ ಲೇಪದ ವಾಸನೆಗೆ ಮನೆಯ ಬೆಕ್ಕು ಓಡಿಹೋಯಿತು. ನೋವು ಕಡಿಮೆಯಾದದ್ದು ಲೇಪದಿಂದಲೋ, ಮತ್ತೆ ಹಚ್ಚಿಕೊಳ್ಳಬೇಕಾದೀತು ಎಂಬ ಹೆದರಿಕೆಯಿಂದಲೋ ನನಗೆ ಈಗಲೂ ಗೊತ್ತಿಲ್ಲ. ಕಡಿಮೆಯಾದದ್ದು ನಿಜ. ಮತ್ತೊಮ್ಮೆ ಇಬ್ಬರೂ ಹೋಗಿ ಹೇಳಿ ಬಂದೆವು. ಆ ದಿನ ಹಕೀಮರು ನಮ್ಮವರನ್ನು ಒಳಗೆ ಕರೆದು ಒಟ್ಟಿಗೆ ಊಟಕ್ಕೆ ಕೂರಿಸಲು ನೋಡಿದರು; ಇವರು ಹಣೆಯ ವಿಭೂತಿ ತೋರಿಸಿ ನಕ್ಕರು; ಹಕೀಮರೂ ನಕ್ಕು, ಖರ್ಜೂರ ಹಾಲು ತರಿಸಿಕೊಟ್ಟರು.

ಇಷ್ಟೆಲ್ಲ ಕಟ್ಟಿದ ದಾರಿಯ ಮೇಲೆ ಮೊದಲು ನಡೆದವಳು ಗೌರಿ. ಗೌರಿ ನನ್ನ ತವರೂರವಳೇ, ನನ್ನ ಜೊತೆ ಹೊಳೆಯಲ್ಲಿ ಈಜಿದವಳು. ಸಾಲಗುಂದದ ಮಲ್ಲನಗೌಡರ ಸೊಸೆಯಾಗಿ ಹೋಗಿದ್ದಳು. ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹರಕೆ ಹೊತ್ತು ಸೋತ ಮೇಲೆ, ಒಂದು ದಿನ ಹೊಟ್ಟೆ ಮೂಡಿತು. ಗೌಡರು ಊರಿಗೆಲ್ಲ ಊಟ ಹಾಕಿಸಿ ಸೀಮಂತದ ಕುಬುಸ ಮಾಡಿಸಿದರು. ನಾನೂ ಹೋಗಿದ್ದೆ. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ನಾವೆಲ್ಲ ಹಾಡಿದೆವು. ದಿನ ತುಂಬಿತು, ತುಂಬಿ ದಾಟಿತು. ಹೊಟ್ಟೆ ಬೆಳೆಯುತ್ತಲೇ ಹೋಯಿತು. ಒಮ್ಮೆ ನೋಡಲು ಹೋದಾಗ ಗೌರಿ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಕೂಸು ಒದಿಯಂಗಿಲ್ಲ ಬೇ. ಒಮ್ಮಿನೂ ಒದ್ದಿಲ್ಲ. ಯಾರಿಗೂ ಹೇಳಿಲ್ಲ ನಾ" ಎಂದಳು.  ಏನೋ ನೆವ ಹೇಳಿ ಅವಳನ್ನು ನಮ್ಮವರ ಮುಂದೆ ಕರೆತಂದೆ; ಗೌಡರೂ ಜೊತೆಗೆ ಬಂದರು.

ಇವರು ಪರೀಕ್ಷೆ ಮಾಡಿ ಹೊರಗೆ ಬಂದಾಗ ಮುಖ ಇಷ್ಟು ಸಣ್ಣದಾಗಿತ್ತು. ಓಣಿಯ ಹುಡುಗಿ ಡಾಕ್ಟರಲ್ಲಿ ನಾನು ಕಂಡದ್ದು ಅದೇ ಮುಖ. "ಗೌಡ್ರ, ಕೂಸಲ್ರಿ. ಗಡ್ಡಿ ಐತಿ. ಲಿಂಗಸುಗೂರಿಗೆ ಒಯ್ಯಬೇಕು, ಕೊಯ್ದು ತಗೀಬೇಕು. ತಡಾ ಮಾಡಿದ್ರ ಜೀವಕ್ಕ ಬರತೈತಿ" ಎಂದರು.

ಮಲ್ಲನಗೌಡರು ಎತ್ತರದ ಆಳು. ಕೂಗಲಿಲ್ಲ. "ಕುಬುಸ ಮಾಡೇನ್ರಿ ನಾನು. ಊರಿಗೆ ಉಣಿಸೀನಿ. ನೀವು ಗಡ್ಡಿ ಅಂತೀರಿ" ಎಂದರು. ಬೋರ್ಡಿನ ಕಡೆ ಕೈ ತೋರಿಸಿ, "ಕೊಯ್ದ ಹೊಟ್ಯಾಗ ಕೂಸಿತ್ತಂದ್ರ, ಇಲ್ಲಾ ಹುಡುಗಿಗೆ ಏನರ ಆತಂದ್ರ, ಈ ಬೋರ್ಡ್ ಇಲ್ಲಿ ಇರಂಗಿಲ್ಲ. ನೀವೂ ಇರಂಗಿಲ್ಲ" ಎಂದರು. ಅವರು ಹೇಳಿದರೆ ಹೇಳಿದ್ದೇ. ಸುತ್ತಲಿನ ಹಳ್ಳಿಗಳಲ್ಲಿ ಅವರ ಮಾತು ದಾಟುವವರಿರಲಿಲ್ಲ. ಕರೆದೊಯ್ಯಲು ಒಪ್ಪಿದ್ದಾದರೂ ಹೇಗೆ ಎಂದರೆ, ಮಾವನ ಮುಂದೆ ಎಂದೂ ತುಟಿ ಬಿಚ್ಚದ ಗೌರಿ ಸೆರಗಿನ ಒಳಗಿಂದ, "ನಾ ಹೋಗ್ತೀನ್ರಿ, ಮಾವಾರ" ಎಂದಳು. ಗೌಡರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ನಡಿಯವ್ವ ಜೊತಿಗೆ" ಎಂದರು.

ಮೋಟಾರು ಮಸ್ಕಿಯಲ್ಲಿ ನಿಂತಿತು. ಗೌಡರು ಇಳಿದು ನೇರ ಹಕೀಮರ ಗದ್ದುಗೆಗೆ ಹೋದರು. ಅವರಿಗೆ ಬೇಕಾಗಿದ್ದುದು ಒಂದೇ ಮಾತು, ಕೂಸು ಐತಿ ಎಂಬ ಮಾತು. ಹಕೀಮರು ಅದನ್ನು ಹೇಳಿದ್ದರೆ ಗೌಡರು ಅಲ್ಲಿಂದಲೇ ತಿರುಗುತ್ತಿದ್ದರು, ಮತ್ತು ಸಿಂಧನೂರಿನಿಂದ ಲಿಂಗಸುಗೂರಿನ ತನಕ ಹಕೀಮರ ಹೆಸರು ಹಾಡಾಗುತ್ತಿತ್ತು. ಹಕೀಮರು ಮೋಟಾರಿನ ಹತ್ತಿರ ತಾವೇ ನಡೆದು ಬಂದರು. ಗೌರಿಯ ಕೈಯನ್ನು ಹಸಿರು ಬಳೆ ಸರಿಸಿ ಹಿಡಿದರು. ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು.  ನಾನು ಹಕೀಮರ ಸುರ್ಮಾ ಹಚ್ಚಿದ ರೆಪ್ಪೆಗಳನ್ನೇ ನೋಡುತ್ತಿದ್ದೆ.

"ಗೌಡ್ರ, ಒಂದ ನಾಡಿ ಐತಿ" ಎಂದರು. "ಎರಡಿಲ್ಲ. ಡಾಕ್ಟರ್ ಸಾಬ್ ಖರೆ ಹೇಳ್ಯಾರ. ಮೋಟಾರ್ ಬಿಡಬ್ಯಾಡ್ರಿ, ಹತ್ರಿ."

ಒಬ್ಬ ವೈದ್ಯ ತನ್ನ ಅಂಗಡಿಯ ಮುಂದೆ, ತನ್ನದೇ ಮಂದಿಯ ಮುಂದೆ, ಇನ್ನೊಬ್ಬನ ಮಾತು ಖರೆ ಎಂದು ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಅಂದು.  ಗೌಡರು ತಾವೇ ಮುಂದಾಗಿ ಮೋಟಾರು ಹತ್ತಿದರು, ಲಿಂಗಸುಗೂರಿಗೆ ಹೋಗಿ ಮುಟ್ಟಿದೆವು.

ರಾಯರು ತಡಮಾಡಲಿಲ್ಲ. ನಾನು ಬಂಗಲೆಯ ಪಡಸಾಲೆಯಲ್ಲಿ ಕೂತು ಎದೆಯ ಮೇಲಿನ ಲಿಂಗ ಹಿಡಿದುಕೊಂಡು, ಊರಿಗೆ ಜ್ವರ ಬರಲಿ ಎಂದು ಬೇಡಿದ್ದಕ್ಕೆಲ್ಲ ಕ್ಷಮೆ ಕೇಳುತ್ತಿದ್ದೆ. ಒಳಗಿನ ಬಾಗಿಲು ತೆರೆಯಿತು. ರಾಯರೇ ಬಂದು ಗೌಡರನ್ನು ಕರೆದರು. "ನೀವು ನೋಡಬೇಕು. ನಾಳಿ ಊರಾಗ ನಿಮ್ಮನ್ನ ಕೇಳ್ತಾರ. ಕಂಡದ್ದನ್ನ ಹೇಳ್ರಿ." ಬೋಗುಣಿಯ ಮೇಲಿನ ಬಟ್ಟೆ ಸರಿಸಿದರು. ಗೌಡರು ನೋಡಿದರು. ರುಮಾಲು ತೆಗೆದು ಬಾಯಿಗೆ ಒತ್ತಿಕೊಂಡು ಪಡಸಾಲೆಗೆ ಬಂದು ನೆಲದ ಮೇಲೆಯೇ ಕೂತರು. ಅವರು ಅಳುತ್ತಿದ್ದರು. ಸೊಸೆ ಉಳಿದಳು ಎಂದೋ, ಮೊಮ್ಮಗ ಹೋದ ಎಂದೋ, ಎರಡೂ ಇದ್ದಿರಬೇಕು.

ಗೌರಿಗೆ ಎಚ್ಚರವಾದ ಮೇಲೆ ಮೊದಲು ಮಾಡಿದ್ದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟು ನೋಡಿದ್ದು. ಆಮೇಲೆ ನನ್ನನ್ನು ಕೇಳಿದಳು: "ಹಸಿರು ಬಳಿ ತಗೀಲೇನು?"  ರಾಯರು ಅಲ್ಲೇ ನಿಂತಿದ್ದರು. "ಯಾಕ ತಗೀತಿ ತಂಗಿ? ಗಡ್ಡಿ ಒಂದು ಕಡೀ ಅಂಡಾಶಯದಾಗಿತ್ತು. ಇನ್ನೊಂದು ಕಡೀದನ್ನ ನಾ ಮುಟ್ಟಿಲ್ಲ. ಮುಂದ ದೇವರು ಕೊಟ್ರ ಆಗ್ತದ. ಇರ್ಲಿ ಬಳಿ" ಎಂದರು.

ಹೊಲಿಗೆ ಬಿಚ್ಚುವ ದಿನ ಅವಳನ್ನು ಕರೆತರಲು ಗೌಡರೊಂದಿಗೆ ನಾನು ಮತ್ತೆ ಹೋಗಿದ್ದೆ. ರಾಯರು ಕರಿ ರೇಷ್ಮೆ ದಾರವನ್ನು ಒಂದೊಂದಾಗಿ ಕತ್ತರಿಸಿ ಎಳೆದರು. ಕೊನೆಯದಕ್ಕೆ ಬಂದು, ಕತ್ತರಿ ಕೆಳಗಿಟ್ಟು, ಅದರ ಮೇಲೆ ಹತ್ತಿ ಇಟ್ಟು ಪಟ್ಟಿ ಕಟ್ಟಿಬಿಟ್ಟರು. ನಾನು ಅವರಿಗೆ ಕನ್ನಡಕದ ತೊಂದರೆ ಎಂದುಕೊಂಡೆ. ಹೊರಗೆ ಬಂದು ಗೌಡರಿಗೆ ಅವರು ಹೇಳಿದ್ದು ಇಷ್ಟು: "ಒಂದು ಹೊಲಿಗಿ ಉಳಿಸೀನಿ. ಅದನ್ನ ಸಿಂಧನೂರಿನ ಡಾಕ್ಟರ್ ಬಿಚ್ಚಬೇಕು. ಮನಿಗೆ ಹೋಗೂಕಿಂತ ಮೊದಲ ಅಲ್ಲಿಗೆ ಹೋಗ್ರಿ."

"ಕಟ್ಟಿದವ್ರ ಬಿಚ್ಚಬೇಕಲ್ರಿ, ಕಂಕಣ ಇದ್ದಂಗ?" ಎಂದರು ಗೌಡರು.

"ಕಂಕಣ ಅಲ್ಲ ಗೌಡ್ರ ಇದು. ಜಡ್ಡು ಏನಂತ ಕಂಡವ್ರು ಅವರು. ನಾ ಕತ್ತರಿ ಹಿಡಿದಾಂವ ಅಷ್ಟ. ಹೆಣ್ಮಗಳು ತವರಿಗೆ ಹೋಗಿ ಮಾರಿ ತೋರಿಸಿ ಬಂದ್ರ ಮದಿವಿ ಮುಗದಂಗ. ಅವರು ಬಿಚ್ಚಿದ್ರ ಈ ಜಡ್ಡು ಮುಗೀತು."

ನನಗೆ ಆಗ ತಿಳಿಯಿತು. ನಿಮ್ಮ ಬಾಗಿಲಿಗೆ ಮುಟ್ಟಿಸುವುದು ನನ್ನ ಕೆಲಸ ಎಂದು ಅವರು ರೊಟ್ಟಿ ಮುರಿಯುತ್ತ ಹೇಳಿದ್ದು ಇದು. ಅಷ್ಟು ದೊಡ್ಡ ಕೈ, ಜೀವವನ್ನೇ ಮರಳಿ ಕೊಟ್ಟ ಕೈ, ಒಂದು ದಾರದೆಳೆಯನ್ನು ಇನ್ನೊಬ್ಬನಿಗಾಗಿ ಬಿಟ್ಟು ಹಿಂದೆ ಸರಿದಿತ್ತು. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ಗಾಬರಿಯಾಗಿ, "ಹಿಂಡಿ ತಂದೀಯೇನವ್ವಾ?" ಎಂದರು.

ಸಿಂಧನೂರಿನಲ್ಲಿ ಸುದ್ದಿ ನಮಗಿಂತ ಮೊದಲು ಬಂದು ಕೂತಿತ್ತು. ಡಾಕ್ಟರು ಗೌಡರ ಮೊಮ್ಮಗನನ್ನು ಕೊಯ್ಸಿ ಹಾಕಿದ ಎಂದು ಬಜಾರವೆಲ್ಲ ಮಾತಾಡಿಕೊಂಡಿತ್ತಂತೆ. ಮೋಟಾರು ಇಳಿದ ನಮ್ಮ ಹಿಂದೆ ಮಂದಿ ಬಂದರು. ದವಾಖಾನೆಯ ಮುಂದೆ ನಿಂತವರ ನಡುವಿನಿಂದ ಮಲ್ಲನಗೌಡರು ಮೆಟ್ಟಿಲು ಹತ್ತಿದರು. ಬೋರ್ಡಿನ ಕೆಳಗೆ ನಿಂತು ಮಂದಿಯ ಕಡೆ ತಿರುಗಿದರು. "ಕೂಸಿರಲಿಲ್ಲ. ಗಡ್ಡಿ ಇತ್ತು. ನನ್ನ ಕಣ್ಣಾರೆ ಕಂಡೀನಿ. ಈ ಡಾಕ್ಟರ್ ಹೇಳಿದ್ದು ಖರೆ" ಎಂದರು. ಆಮೇಲೆ ನಮ್ಮವರಿಗೆ, "ದೊಡ್ಡ ಡಾಕ್ಟರ್ ಒಂದು ಹೊಲಿಗಿ ನಿಮಗಂತ ಉಳಿಸ್ಯಾರ್ರಿ. ನಿಮ್ಮ ಕೈಲೇ ಬಿಚ್ಚಬೇಕಂತ" ಎಂದರು.

ಇವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೈ ತೊಳೆದರು, ಒರೆಸಿಕೊಂಡು ಮತ್ತೆ ತೊಳೆದರು. ನಾನು ಪರದೆಯ ಹಿಂದೆ ಕತ್ತರಿ ಕುದಿಸಿ ಕೊಟ್ಟೆ. ಗೌರಿ ಮಲಗಿಕೊಂಡೇ, "ಸಾವಕಾಶ ಮಾಡ್ರಿ, ನಾ ಎಲ್ಲಿಗೂ ಓಡಂಗಿಲ್ಲ" ಎಂದಳು. ಕಿಚ್ ಎಂದಿತು ಕತ್ತರಿ. ದಾರ ಬಂತು. ಗೌರಿ ಅದನ್ನು ಕೇಳಿ ಇಸಿದುಕೊಂಡು ಅಂಗೈಯಲ್ಲಿಟ್ಟು ನೋಡಿದಳು. "ಇಷ್ಟ ದಾರದ ಮ್ಯಾಲ ನಿಂತಿತ್ತೇನ್ರಿ ನನ್ನ ಜೀವಾ?" ಎಂದಳು. ಅವಳ ಜೀವದೊಂದಿಗೆ ನಮ್ಮ ಮನೆಯೂ ಅದರ ಮೇಲೆಯೇ ನಿಂತಿತ್ತು ಎಂದು ನಾನು ಹೇಳಲಿಲ್ಲ.

ಅಲ್ಲಿಂದ ಮುಂದೆ ಅದೊಂದು ಪದ್ಧತಿಯೇ ಆಗಿಹೋಯಿತು. ನಮ್ಮವರು ಕಳಿಸಿದ ಪ್ರತಿಯೊಬ್ಬರೂ ಒಂದು ಹೊಲಿಗೆ ಹೊತ್ತು ಮರಳಿ ಬಂದರು. ಕೊನೆಯ ಹೊಲಿಗೆ ಬಿಚ್ಚುವ ತನಕ ಖಾರ ತಿನ್ನಬಾರದು, ಎಣ್ಣೆ ಹಚ್ಚಬಾರದು, ಬೀಗರ ಮನೆಗೆ ಹೋಗಬಾರದು ಎಂದು ಜನ ತಾವೇ ಕಟ್ಟಳೆ ಮಾಡಿಕೊಂಡರು. ಪಾಮನಕಲ್ಲೂರಿನ ಒಬ್ಬ ಮುದುಕ ಕಾಲುಮೂಳೆ ಕೂಡಿಸಿಕೊಂಡು ಬಂದವನು, ನಿನಗೆ ಹೊಲಿಗೆಯೇ ಹಾಕಿಲ್ಲ ಎಂದು ಇವರು ಹೇಳಿದರೂ ಕೇಳದೆ, "ನನಗೊಬ್ಬನಿಗೆ ಯಾಕಿಲ್ಲ? ನಾ ಏನು ತಪ್ಪು ಮಾಡೀನಿ?" ಎಂದು ಬೆಂಚಿನ ಮೇಲೆ ಹಟ ಹಿಡಿದು ಕೂತ. ಇವರು ಅವನ ಪಟ್ಟಿಯ ಗಂಟಿಗೆ ಒಂದು ಕರಿ ದಾರ ಸುತ್ತಿ, ಗಂಭೀರವಾಗಿ ಕತ್ತರಿಸಿದರು. ಈಗ ಹಗುರಾತು ಎಂದು ಹೇಳಿ ಅವನು ಎದ್ದು ಹೋದ. ಮಸ್ಕಿಯಲ್ಲಿ ಹಕೀಮರು ಮೋಟಾರು ನಿಂತಾಗ ಈಗ ಬೇರೆ ಮಾತು ಕೇಳುತ್ತಿದ್ದರು: "ಸಿಂಧನೂರ ಡಾಕ್ಟರ್ ಸಾಬ್ ಕಳಿಸ್ಯಾರೇನು? ಹಂಗಿದ್ರ ಇಳಿಬ್ಯಾಡ್ರಿ, ಮುಂದ ನಡೀರಿ." ಹಳೆಯ ಕೆಮ್ಮು, ಒಣ ತುರಿಕೆ, ನಿದ್ದೆ ಬಾರದವರು ಇವರೆಲ್ಲ ನಮ್ಮಿಂದ ಅವರ ಗದ್ದುಗೆಗೆ ಹೋಗುತ್ತಿದ್ದರು. ಗೌರಿಯಂತೂ ಹೆದರಿದ ಹೆಂಗಸರನ್ನು ಕೈಹಿಡಿದು ತಾನೇ ಮೋಟಾರು ಹತ್ತಿಸಿ, ಬೇಕಾದರೆ ಸೆರಗು ಸರಿಸಿ ಹೊಲಿಗೆಯ ಗೆರೆ ತೋರಿಸಿ, ಲಿಂಗಸುಗೂರಿನ ತನಕ ಹೋಗಿ ಬರುತ್ತಿದ್ದಳು.

ಯುಗಾದಿ ಬಂತು. ಮಾವನವರು ಗಡುವು ನೋಡಲು ಬಂದರು. ಬಂದ ಬೆಳಿಗ್ಗೆ ಬೆಂಚು ತುಂಬಿತ್ತು; ಅವರು ಮುಖ ಗಂಟು ಹಾಕಿಕೊಂಡು ಸಂತೋಷವನ್ನು ಅಡಗಿಸುತ್ತ, ತಾವೂ ಕೂರಲು ಜಾಗ ನೋಡಿ ತುದಿಯಲ್ಲಿದ್ದ ಗಿಡ್ಡ ಆಳಿಗೆ, "ಜರಾ ಸರೀರಿ ಯಜಮಾನ್ರ" ಎಂದರು. ಆ ಮನುಷ್ಯ ಸರಿದು ಕೂತ. ನಾನು ಪರದೆಯಿಂದ ಇಣುಕಿದವಳು ಹಾಗೇ ನಿಂತುಬಿಟ್ಟೆ. ದಪ್ಪ ಕನ್ನಡಕ, ಧೋತರ, ಕೋಟು. ರಾಯರು ಸಾಲಿನಲ್ಲಿ ಕೂತಿದ್ದರು. ಇವರು ಓಡಿಬಂದು ಒಳಗೆ ಕರೆದರೆ, "ಪಾಳಿ ಬರ್ಲಿ ತಡೀರಿ. ಕೆಮ್ಮು ಹಿಡದದ, ವಾರಾತು ಬಿಡವಲ್ದು. ನೀವು ನೋಡ್ತೀರಂತ ಬಂದೀನಿ" ಎಂದರು. ಬೆಂಚಿನ ಮೇಲಿದ್ದ ಒಬ್ಬಾಕೆ ಅವರ ಗುರುತು ಹಿಡಿದು ಎದ್ದು ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಮಾವನವರೂ ಯಾಕೆಂದು ತಿಳಿಯದೆ ಎದ್ದರು. ಲಿಂಗಸುಗೂರಿನ ದೊಡ್ಡ ಡಾಕ್ಟರು ಕೆಮ್ಮುತ್ತ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ಅವತ್ತು ನನ್ನ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. ನೌಕರಿಯ ಮಾತನ್ನು ಮಾವನವರು ಮತ್ತೆ ಎತ್ತಲಿಲ್ಲ.

ಗೌರಿಗೆ ಮಕ್ಕಳಾದವೇ ಎಂದು ನೀವು ಕೇಳದೆ ಬಿಡುವವರಲ್ಲ. ಕೆನಾಲಿಗೆ ನೀರು ಬಂದ ಮೇಲೆ, ಒಂದು ಹೆಣ್ಣಾಯಿತು. ಈ ಸಲ ಕುಬುಸಕ್ಕೆ ಮೊದಲು ನಮ್ಮವರಿಗೆ ತೋರಿಸಲು ಬಂದಳು. ಹೊಸ್ತಿಲು ದಾಟುವ ಮೊದಲೇ, "ಒದಿತೈತ್ರಿ" ಎಂದು ಕೂಗಿ ಹೇಳಿದಳು. ಈಗ ಗೌರಿ ಇಲ್ಲ, ರಾಯರಿಲ್ಲ, ಹಕೀಮರಿಲ್ಲ, ನಮ್ಮವರೂ ಇಲ್ಲ. ಈಗಲೂ ಡಾಕ್ಟರು ಡಾಕ್ಟರಿಗೆ ರೋಗಿಗಳನ್ನು ಕಳಿಸುತ್ತಾರೆ. ನಡುವೆ ಏನೇನೋ ಲೆಕ್ಕಾಚಾರ ಇರುತ್ತದೆ ಎಂದು ಕೇಳಿದ್ದೇನೆ. ನನಗೆ ಅದು ಗೊತ್ತಿಲ್ಲ. ಕರಗುವ ದಾರ ಒಳ್ಳೆಯದೇ ಇರಬೇಕು. ಮರಳಿ ಹೋಗಲು ಒಂದು ನೆವ ಮಾತ್ರ ಅದರಲ್ಲಿಲ್ಲ.

ನಿನ್ನೆ ಕೈಯ ಪಟ್ಟಿ ತೆಗೆಯುವ ದಿನ. ರಾಯಚೂರಿನ ಆಸ್ಪತ್ರೆಯಲ್ಲಿ ಬೆರಳಿನ ಸುತ್ತ ಎಲ್ಲ ನೋಡಿ, ಚೆನ್ನಾಗಿ ಕೂಡಿದೆ ಎಂದು ಹೇಳಿ, ಹಲಗೆ ತೆಗೆದು, ಒಳಪಟ್ಟಿಗೆ ಕತ್ತರಿ ಹಚ್ಚಲು ಬಂದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅಜ್ಜಿಗೆ ಹೆದರಿಕೆ ಎಂದುಕೊಂಡರು. ಹಾಗೇ ಅಂದುಕೊಳ್ಳಲಿ ಎಂದು ಒಳಪಟ್ಟಿಯ ಸಮೇತ ಎದ್ದು ಬಂದೆ. ಕಾರು ಸಿಂಧನೂರು ಸೇರಿದ ಮೇಲೆ ಮನೆಗೆ ಹೋಗದೆ ಓಣಿಯ ತುದಿಯಲ್ಲಿ ಇಳಿದೆ. ದವಾಖಾನೆಯ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು.

"ಅಜ್ಜಿ, ಮತ್ತ ಬಂದ್ರಾ?" ಎಂದು ಎದ್ದು ಬಂದಳು ಹುಡುಗಿ ಡಾಕ್ಟರು. "ನಾ ಕಳಿಸಿದವ್ರು ಯಾರೂ ಮತ್ತ ಬಂದಿಲ್ಲ."

"ಈ ಪಟ್ಟಿ ನೀನ ಬಿಚ್ಚಬೇಕವ್ವ" ಎಂದೆ. ಬೆಂಚಿನವರಿಗೆ ಕೇಳುವಂತೆ ಸ್ವಲ್ಪ ಜೋರಾಗಿಯೇ ಹೇಳಿದೆ: "ಅವತ್ತು ನೀ ಹೇಳಿದ್ದ ಖರೆ ಆತು. ಒಳಗ ನರ ಕತ್ತರಿಸಿತ್ತು. ನೀ ಕಂಡಿದ್ದಕ್ಕ ಈ ಬೆರಳು ಉಳೀತು."

ಅವಳು ಕೈ ತೊಳೆದಳು, ಒರೆಸಿಕೊಂಡು ಮತ್ತೆ ತೊಳೆದಳು. ಆಮೇಲೆ ಕತ್ತರಿ ತಂದಳು.  ನಾನು ಅವಸರ ಮಾಡಲಿಲ್ಲ, ಹಾಗೆ ಎರಡೆರಡು ಸಲ ಕೈ ತೊಳೆಯುವುದು ನನಗೆ ಹಳೆಯ ಪರಿಚಯ. ಕಿಚ್ ಎಂದಿತು. ಪಟ್ಟಿ ಬಿಚ್ಚಿ, ನನ್ನ ಕಿರುಬೆರಳನ್ನು ಹಗುರಾಗಿ ಹಿಡಿದು, "ಮಡಚ್ರಿ ನೋಡೂಣು" ಎಂದಳು.

ಮಡಚಿದೆ.

"ಅರ್ಧ ಬಂತು, ಅಜ್ಜಿ."

"ಅರ್ಧ ಅವ್ರು ಮಾಡ್ಯಾರ" ಎಂದೆ. "ಉಳದದ್ದು ನಿನಗಂತ ಬಿಟ್ಟಾರ."